ಮೂರು ಊರುಗಳಲ್ಲಿ ಮೂರು ಪ್ರತಿ

ಯಂತ್ರ ಕೆಟ್ಟಿತೆಂದರೆ ನಮ್ಮ ಕಡೆಯ ಜನ ಮೊದಲು ಅದಕ್ಕೊಂದು ಏಟು ಕೊಟ್ಟು ನೋಡುತ್ತಾರೆ. ರೇಡಿಯೋ, ಟೇಪ್ ರೆಕಾರ್ಡರ್, ಫ್ಯಾನು, ಪಂಪ್‌ಸೆಟ್ಟಿನ ಡಬ್ಬಿ ಎಲ್ಲವೂ ಈ ಏಟಿನ ರುಚಿ ಕಂಡಿವೆ. ಏಟಿಗೆ ಬಗ್ಗದಿದ್ದರೆ ಬಿಚ್ಚಿ ನೋಡುವುದು, ಒರೆಸುವುದು, ತಂತಿ ಸುತ್ತುವುದು. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತ ನೇಕಾರ ಎಳೆ ಹರಿದರೆ ಯಾರನ್ನೂ ಕೂಗಿ ಕರೆಯುವುದಿಲ್ಲ. ಎರಡು ತುದಿ ಹಿಡಿದು ಹೊಸೆದು ಮತ್ತೆ ಲಾಳಿ ಓಡಿಸುತ್ತಾನೆ. ಇಂಥ ಕೈಗಳೇ ಮೊಬೈಲು, ಕಂಪ್ಯೂಟರಿನ ಮುಂದೆ ಮಾತ್ರ ಹಿಂಜರಿಯುತ್ತವೆ. 'ಅದನ್ನ ಮುಟ್ಟಬ್ಯಾಡ್ರಿ, ಏನರೆ ಹೋದ್ರ ಯಾರ ಹೊಣಿ?' ಎನ್ನುತ್ತಾರೆ. ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯ ಹುಡುಗ ಹತ್ತು ನಿಮಿಷ ಬೆರಳಾಡಿಸಿ ಇನ್ನೂರು ರೂಪಾಯಿ ಕೇಳುತ್ತಾನೆ. ಹಣ ಹೋದರೆ ಹೋಗಲಿ. ಆ ಹತ್ತು ನಿಮಿಷ ಮನೆಯ ಫೋಟೋ, ಮನೆಯ ಮಾತು, ಮನೆಯ ಹೆಣ್ಣುಮಕ್ಕಳ ಹೆಸರು ಎಲ್ಲವೂ ಪರರ ಕೈಯಲ್ಲಿರುತ್ತವೆ ಎಂಬುದು ನಮಗೆ ಹೆಚ್ಚಿನ ಮಾತು.

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ನಾವೇ ಮಾಡಿಕೊಂಡ ಕೆಲವು ಸಣ್ಣ ಕೆಲಸಗಳನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಇವು ಎಂಜಿನಿಯರುಗಳ ಕೆಲಸಗಳಲ್ಲ. ಹತ್ತನೆಯ ತರಗತಿಯ ಹುಡುಗಿ, ಅಡಿಗೆಮನೆಯಿಂದ ಕೈ ಒರೆಸಿಕೊಂಡು ಬಂದ ಅವಳ ಖಾಲಾ, ಕಥೆ ಬರೆಯುವ ನಾವು, ಇಷ್ಟೇ ಜನ ಸೇರಿ ಮಾಡಿದ್ದು.

ಮೊದಲು ನಮ್ಮ ಪರಿಚಯ ಹೇಳಿದರೆ ಮುಂದಿನದು ಸುಲಭವಾದೀತು. ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ, ಮುಂದೆ ಕನ್ನಡ ಶಾಲೆಯ ಬೆಂಚಿಗೆ ಬಂದು ಕೂತ ಪೀಳಿಗೆ ನಮ್ಮದು. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಮನೆಯಲ್ಲಿ ಆಡುವುದು ದಖನಿ, ಅದು ಎರಡಕ್ಕೂ ಸಲೀಸಾಗಿ ಒಗ್ಗುವುದಿಲ್ಲ. ದಾದಾ ಕಟ್ಟಿಸಿದ ಮನೆ ಹಳೆಯ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಗಿದ್ದ ಓಣಿಯಲ್ಲಿತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಮುಂದೆ ಒಂದು ದಿನ ಆ ಓಣಿಗೂ ಬಂತು. ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹೊಸ ಜಿಲ್ಲೆಯ ಮುಖ್ಯ ಊರೇ ಅರ್ಧ ನೀರಿಗೆ ಹೋಗಿ ಅರ್ಧ ನವನಗರಕ್ಕೆ ಎದ್ದು ಬಂದದ್ದನ್ನು ನಾವು ಕಣ್ಣಾರೆ ಕಂಡೆವು. ಮನೆ ಬಿಟ್ಟಾಗ ಬಂಧುಬಳಗವೂ ಹಂಚಿಹೋಯಿತು. ನಾವು ನವನಗರದಲ್ಲಿ ಉಳಿದೆವು, ಆಪಾ ಬಾದಾಮಿಗೆ ಹೋದರು, ಖಾಲಾ ಇಳಕಲ್ಲಿನಲ್ಲಿ, ಚಾಚಾ ಹುನಗುಂದದಲ್ಲಿ. ಮನೆಯ ಬಾಗಿಲು, ತೊಲೆ, ಕಿಟಕಿಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದೆವು. ಸಾಗಿಸಿದ್ದರಲ್ಲಿ ಒಂದು ತಗಡಿನ ಟ್ರಂಕೂ ಇತ್ತು. ಕಾಗದಪತ್ರ, ಕಪ್ಪುಬಿಳುಪು ಫೋಟೋಗಳು, ಹದಿನೇಳು ಕ್ಯಾಸೆಟ್ಟುಗಳು ಅದರಲ್ಲಿದ್ದವು. ನಮ್ಮ ತಾಂತ್ರಿಕ ವಿದ್ಯಾಭ್ಯಾಸ ಶುರುವಾದದ್ದು ಆ ಟ್ರಂಕಿನಿಂದ.

ಆದರೆ ಮೊದಲ ಕೆಲಸ ಟ್ರಂಕಿನದಲ್ಲ, ಕಥೆಗಳದು. 2000ದ ನಂತರ ನಮ್ಮ ಕಡೆ ಡಿಟಿಪಿ ಅಂಗಡಿಗಳು ಬಂದಾಗ ನಮ್ಮ ಕಥೆಗಳೂ ಗಣಕ ಸೇರಿದವು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಹಿಂದೆಯೇ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜೋಡಣೆಯನ್ನು ಕಲಿತ ಹುಡುಗರು ನೋಡನೋಡುತ್ತ ಪುಟ ತುಂಬಿಸುತ್ತಿದ್ದರು. ಕನ್ನಡಕ್ಕೆ ಅವರೆಲ್ಲ ಮಾಡಿದ ಉಪಕಾರ ದೊಡ್ಡದು. ಆದರೆ ಅಂದಿನ ಕಡತಗಳನ್ನು ಇಂದು ಮೊಬೈಲಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳ ದಂಡು ಕಾಣುತ್ತದೆ. ಎಷ್ಟೋ ಜನ 'ಫೈಲ್ ಕೆಟ್ಟಿದೆ' ಎಂದು ಅಳಿಸಿಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ.

ಕಾರಣ ಸರಳ. ಆಗಿನ ಪದ್ಧತಿಯಲ್ಲಿ ಕಂಪ್ಯೂಟರು 'ಕ' ಎಂಬ ಅಕ್ಷರವನ್ನು ಕೂಡಿಟ್ಟುಕೊಳ್ಳುತ್ತಿರಲಿಲ್ಲ. ಯಾವುದೋ ರೋಮನ್ ಅಕ್ಷರದ ಮನೆಯಲ್ಲಿ 'ಕ'ದ ಚಿತ್ರವನ್ನು ಬಾಡಿಗೆಗೆ ಇರಿಸುತ್ತಿತ್ತು. ಆ ಫಾಂಟ್ ಇರುವ ಯಂತ್ರದಲ್ಲಿ ಚಿತ್ರ ಕಾಣುತ್ತದೆ, ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಮಾಲೀಕ ಹೊರಗೆ ಬಂದು ನಿಲ್ಲುತ್ತಾನೆ. ಯೂನಿಕೋಡ್ ಈ ಬಾಡಿಗೆ ಪದ್ಧತಿಯನ್ನು ತೆಗೆದುಹಾಕಿತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ. ಕನ್ನಡದ 'ಕ'ಕ್ಕೆ 3221, ಉರ್ದುವಿನ ಕಾಫ್‌ಗೆ 1705. ಬಾಲ್ಯದಲ್ಲಿ ಬೇರೆ ಬೇರೆ ಕಟ್ಟಡಗಳಲ್ಲಿ ಕಲಿತ ಎರಡು ಅಕ್ಷರಗಳು ಒಂದೇ ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡಿರುವುದನ್ನು ಕಂಡು ನಮಗಂತೂ ಖುಷಿಯಾಯಿತು.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಮಾಡಿಟ್ಟಿದ್ದಾರೆ. ಹಳೆಯ ಪಠ್ಯವನ್ನು ನಕಲಿಸಿ, ಪರಿವರ್ತಕದಲ್ಲಿ ಅಂಟಿಸಿ, ಗುಂಡಿ ಒತ್ತಿದರೆ ಕನ್ನಡ ಹೊರಬರುತ್ತದೆ. ಬಂದದ್ದನ್ನು ಮೂಲದ ಅಚ್ಚಿನ ಜೊತೆ ಇಟ್ಟು ಒಮ್ಮೆ ಓದಲೇಬೇಕು, ಅರ್ಕಾವತ್ತು, ಒತ್ತಕ್ಷರ, ಅಂಕಿಗಳಲ್ಲಿ ಅದು ಆಗಾಗ ಎಡವುತ್ತದೆ. ಮೂಲ ಕಡತವನ್ನು ಮಾತ್ರ ಅಳಿಸಬಾರದು. ಉರ್ದುವಿನ ಇನ್‌ಪೇಜ್‌ನಲ್ಲಿ ಮಾಡಿದ ಹಳೆಯ ಕಡತಗಳ ಕಥೆಯೂ ಇದೇ, ಅವಕ್ಕೂ ಪರಿವರ್ತಕಗಳಿವೆ. ನಾವು ಮೂರು ವಾರದ ರಾತ್ರಿಗಳಲ್ಲಿ ಇಪ್ಪತ್ತೆರಡು ಕಥೆಗಳನ್ನು ಈ ದಡಕ್ಕೆ ತಂದೆವು.

ಇದರ ಜೊತೆಗೆ ಪ್ರತಿಯೊಬ್ಬರೂ ಐದು ನಿಮಿಷದಲ್ಲಿ ಮಾಡಿಕೊಳ್ಳಬಹುದಾದ ಕೆಲಸ ಒಂದಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡಿಗೆ ಹೋಗಿ ಕನ್ನಡ ಸೇರಿಸಿ. ಉರ್ದು ಬಲ್ಲವರು ಉರ್ದುವನ್ನೂ ಸೇರಿಸಿ. ಜಾಗದ ಗುಂಡಿಯ ಪಕ್ಕದ ಭೂಗೋಳದ ಚಿಹ್ನೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಉರ್ದು ಬರೆಯುವವರಿಗೆ ಒಂದು ಎಚ್ಚರಿಕೆ. ಹಲವರು ಅರಬಿ ಕೀಬೋರ್ಡಿನಲ್ಲೇ ಉರ್ದು ಒತ್ತುತ್ತಾರೆ. ಅರಬಿ ಕಾಫ್‌ನ ಸಂಖ್ಯೆ 1603, ಉರ್ದುವಿನದು 1705. ಪದದ ನಡುವೆ ಎರಡೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಹಾಗೆ ಬರೆದ 'ಕಿತಾಬ್' ಪದವನ್ನು ಆಮೇಲೆ ಉರ್ದು ಕೀಬೋರ್ಡಿನಲ್ಲಿ ಹುಡುಕಿದರೆ ಸಿಗದೆಯೂ ಹೋಗಬಹುದು. ಕೂಡಿಟ್ಟದ್ದು ಮರಳಿ ಸಿಗಬೇಕಾದರೆ ಅಕ್ಷರ ಅದರದೇ ಕೀಬೋರ್ಡಿನಿಂದ ಬರಬೇಕು.

ಇನ್ನು ಟ್ರಂಕು. ಕಾಗದಗಳಿಂದ ಶುರು ಮಾಡಿದೆವು. ನಮ್ಮ ಜಿಲ್ಲೆ ಮೊದಲು ಮುಂಬೈ ಪ್ರಾಂತದಲ್ಲಿದ್ದದ್ದರಿಂದ ಹಳೆಯ ಪತ್ರಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿವೆ, ಕೆಲವು ಕನ್ನಡದಲ್ಲಿ, ದಾದಾ ಬರೆದಿಟ್ಟ ಲೆಕ್ಕಗಳು ಉರ್ದುವಿನಲ್ಲಿ. ಮಡಿಕೆಗಳಲ್ಲಿ ಹರಿದಿರುವ ಇಂಥ ಕಾಗದವನ್ನು ಝೆರಾಕ್ಸ್ ಯಂತ್ರದ ಮುಚ್ಚಳದ ಕೆಳಗೆ ಪದೇ ಪದೇ ಒತ್ತುವುದು ಒಳ್ಳೆಯದಲ್ಲ. ಮೊಬೈಲಿನ ಕ್ಯಾಮೆರಾ ಸಾಕು. ಮನೆಯಲ್ಲೇ ಒಂದು ಕಟ್ಟೆ ಮಾಡಿಕೊಂಡೆವು. ಎರಡು ಕಡೆ ಒಂದೇ ಎತ್ತರಕ್ಕೆ ದಪ್ಪ ಪುಸ್ತಕಗಳನ್ನು ಪೇರಿಸಿ, ಮೇಲೆ ಹಳೆಯ ರಟ್ಟಿನ ಪೆಟ್ಟಿಗೆಯ ಹಾಳೆ ಇಟ್ಟು, ಅದರಲ್ಲಿ ಕ್ಯಾಮೆರಾ ಕಣ್ಣಿನಷ್ಟು ತೂತು ಕೊರೆದು, ಫೋನನ್ನು ಬೋರಲು ಮಲಗಿಸಿದೆವು. ಕೆಳಗೆ ಕಾಗದ. ಬೆಳಕು ಕಿಟಕಿಯಿಂದ, ಪಕ್ಕದಿಂದ ಬರಬೇಕು. ಫ್ಲ್ಯಾಶ್ ಬೇಡ, ನೇರ ಬಿಸಿಲೂ ಬೇಡ. ಕೈ ನಡುಗುವ ಪ್ರಶ್ನೆಯೇ ಇಲ್ಲ, ನಾಲ್ಕು ಮೂಲೆಯೂ ನೇರ. ಮೂರು ಸೆಕೆಂಡಿನ ಟೈಮರ್ ಹಾಕಿದರೆ ಬೆರಳು ತಾಗಿ ಅಲುಗುವುದೂ ತಪ್ಪುತ್ತದೆ.

ಫೋಟೋಗಳಿಗೆ ಇನ್ನೊಂದು ನಿಯಮ ಮಾಡಿಕೊಂಡೆವು. ಮುಂದಿನದನ್ನು ತೆಗೆದ ಕೂಡಲೇ ಹಿಂದಿನದನ್ನೂ ತೆಗೆಯುವುದು. ಹಿಂಬದಿಯಲ್ಲಿ ದಾದಾ ಉರ್ದುವಿನಲ್ಲಿ ಹೆಸರುಗಳನ್ನು ಬರೆದಿದ್ದಾರೆ. ಆ ಹೆಸರುಗಳಿಲ್ಲದಿದ್ದರೆ ಕಟ್ಟೆಯ ಮೇಲೆ ಕೂತ ಆರು ಜನ ಬರೀ ಆರು ಜನ. ಕಡತಕ್ಕೆ ಕ್ಯಾಮೆರಾ ಕೊಡುವ ಸಂಖ್ಯೆಯನ್ನು ಹಾಗೇ ಬಿಡದೆ ವರ್ಷ, ಊರು, ವಿಷಯ ಎಂಬ ಕ್ರಮದಲ್ಲಿ ಹೆಸರಿಟ್ಟರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಅಚ್ಚಾದ ಕನ್ನಡ ಪುಟವಾದರೆ ಅದರ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆದರೆ ಚಿತ್ರದ ಕೆಳಗೆ ಅಕ್ಷರಗಳೂ ಬರುತ್ತವೆ, ತಿದ್ದಿಕೊಂಡರಾಯಿತು. ಉರ್ದುವಿನ ನಸ್ತಾಲೀಕ್ ಬರಹ ಓರೆಯಾಗಿ ಮೇಲಿಂದ ಕೆಳಗೆ ಇಳಿಯುವುದರಿಂದ ಅದನ್ನು ಓದಲು ಯಂತ್ರ ಹೆಚ್ಚು ತಡವರಿಸುತ್ತದೆ. ದಾದಾ ಅವರ ಕೈಬರಹವನ್ನು ನಾವೇ ಕೂತು ಓದಿ ಒತ್ತಬೇಕಾಯಿತು. ಆಸ್ತಿಪತ್ರ, ಆಧಾರ್‌ನಂಥವನ್ನು ಮಾತ್ರ ಸಿಕ್ಕ ಸಿಕ್ಕ ಉಚಿತ ಆ್ಯಪ್‌ಗಳಿಗೆ ಏರಿಸುವುದು ಬೇಡ. ಅವು ನಮ್ಮ ಯಂತ್ರದಲ್ಲೇ ಇರಲಿ.

ಇದೇ ರಟ್ಟಿನ ಪೆಟ್ಟಿಗೆಯ ಉಪಾಯ ಇಳಕಲ್ಲಿನ ಖಾಲಾರಿಗೆ ಇನ್ನೊಂದು ರೀತಿಯಲ್ಲಿ ಒದಗಿತು. ಮೊದಲು ಹುನಗುಂದ ತಾಲೂಕಿಗೆ ಸೇರಿದ್ದ ಇಳಕಲ್ ಈಗ ತಾನೇ ತಾಲೂಕು ಕೇಂದ್ರ. ಅದರ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಟೋಪ ತೆನಿಯಿಂದ ಆ ಸೀರೆಯ ಗುರುತು. ಖಾಲಾ ನೆರೆಯ ನೇಕಾರರ ಸೀರೆಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಮಾರಿಕೊಡುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ಕೆಂಪು ಸೆರಗು ಬೇರೆಯೇ ಬಣ್ಣವಾಗಿ ಕಾಣುತ್ತಿತ್ತು. ಕೊಂಡವರು 'ಬಣ್ಣ ಬ್ಯಾರೆ ಬಂದೈತ್ರಿ' ಎಂದು ವಾಪಸು ಕಳಿಸುತ್ತಿದ್ದರು. ಕೆಟ್ಟ ಹೆಸರು ನೇಕಾರನಿಗೆ. ದೊಡ್ಡ ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ಕಿಟಕಿ ಕೊರೆದು ಟ್ರೇಸಿಂಗ್ ಹಾಳೆ ಅಂಟಿಸಿ, ಒಳಗೆ ಬಿಳಿ ಹಾಳೆ ಹಾಸಿ, ಬೆಳಗಿನ ಹತ್ತು ಗಂಟೆಯ ನೆರಳಿನಲ್ಲಿ ಇಟ್ಟೆವು. ಸೀರೆಯ ಪಕ್ಕದಲ್ಲಿ ಒಂದು ಬಿಳಿ ಕಾಗದದ ತುಂಡು ಇದ್ದರೆ ಸಾಕು. ಅದು ಫೋಟೋದಲ್ಲೂ ಬಿಳಿಯಾಗಿ ಬಂದರೆ ಸೀರೆಯ ಬಣ್ಣವೂ ಬಹುಮಟ್ಟಿಗೆ ನಿಜ. ಈಗ ವಾಪಸು ಬರುವುದು ಕಡಿಮೆಯಾಗಿದೆ. ಮಗ್ಗದ ಅಣ್ಣನವರು ಪೆಟ್ಟಿಗೆ ನೋಡಿ, 'ಇದರಾಗ ಏನ ಬ್ರಹ್ಮವಿದ್ಯಾ ಐತ್ರೀ? ನಾವೂ ಮಾಡ್ತೀವಿ' ಎಂದರು. ಮಾಡಿದರು ಕೂಡ.

ಕೊನೆಗೆ ಕ್ಯಾಸೆಟ್ಟುಗಳು. ನಮ್ಮ ದಾದಿ ಬೀಸುವಾಗ, ಮೆಹಂದಿಯ ರಾತ್ರಿಗಳಲ್ಲಿ ಹಾಡುತ್ತಿದ್ದರು. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಹದಿನೇಳನೆಯ ಶತಮಾನದಿಂದಲೂ ಚಕ್ಕೀನಾಮಾ ಎಂಬ ದಖನಿ ಹಾಡುಗಳಿವೆ. ಬೀಸುಕಲ್ಲಿನ ಸುತ್ತಿಗೆ ಹೊಂದಿಕೊಂಡ, ಹೆಂಗಸರ ಬಾಯಲ್ಲಿ ಉಳಿದ ಹಾಡುಗಳು. ದಾದಿಯ ಹಾಡುಗಳಲ್ಲಿ ಯಾವುದು ಅಲ್ಲಿಂದ ಬಂದದ್ದು, ಯಾವುದು ಓಣಿಯಲ್ಲಿ ಹುಟ್ಟಿದ್ದು ಎಂದು ತೂಗಬೇಕಾದರೂ ಮೊದಲು ಅವು ಕೇಳಿಸಬೇಕು. ಓಣಿ ಬಿಡುವ ಮುಂಚೆ ಅಬ್ಬಾ ಅವುಗಳನ್ನು ಟೇಪ್ ಮಾಡಿಟ್ಟಿದ್ದರು. ದಾದಿ ಈಗಿಲ್ಲ, ಅಬ್ಬಾ ಕೂಡ ಇಲ್ಲ.

ಬೇಕಾದದ್ದು ಇಷ್ಟು: ಓಡುವ ಒಂದು ಟೇಪ್ ರೆಕಾರ್ಡರ್, ಎರಡೂ ತುದಿಗೆ ಗಂಡು ಪಿನ್ ಇರುವ 3.5 ಮಿಲಿಮೀಟರಿನ ಕೇಬಲ್, ಧ್ವನಿ ಒಳಗೆ ತೆಗೆದುಕೊಳ್ಳುವ ತೂತು ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೆ ಒಂದು ಯುಎಸ್‌ಬಿ ಸೌಂಡ್ ಕಾರ್ಡು, ಮತ್ತು ಅಡಾಸಿಟಿ ಎಂಬ ಉಚಿತ ತಂತ್ರಾಂಶ. ಮೊದಲು ಟೇಪಿನ ಹೆಡ್ಡನ್ನು ಔಷಧಿ ಅಂಗಡಿಯ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಕ್ಯಾಸೆಟ್ಟನ್ನು ಪೂರ್ತಿ ಮುಂದಕ್ಕೆ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿ ಸಡಿಲ ಮಾಡಬೇಕು. ಟೇಪಿನ ಹೆಡ್‌ಫೋನ್ ತೂತಿನಿಂದ ಸೌಂಡ್ ಕಾರ್ಡಿಗೆ ಕೇಬಲ್ ಹಾಕಿ, ಧ್ವನಿ ಕಡಿಮೆ ಇಟ್ಟು ಶುರು ಮಾಡಿ, ತೆರೆಯ ಮೇಲಿನ ಪಟ್ಟಿ ತುದಿ ಮುಟ್ಟದಂತೆ ನೋಡಿಕೊಂಡು ಹೆಚ್ಚಿಸಬೇಕು. ತುದಿ ಮುಟ್ಟಿದರೆ ಸ್ವರ ಸೀಳುತ್ತದೆ, ಸೀಳಿದ್ದನ್ನು ಆಮೇಲೆ ಹೊಲಿಯಲಾಗದು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಇದರಲ್ಲಿ ಅವಸರಕ್ಕೆ ದಾರಿಯಿಲ್ಲ. ವೇವ್ ರೂಪದಲ್ಲಿ ಉಳಿಸಿದರೆ ಗಂಟೆಗೆ ಸುಮಾರು 600 ಎಂ.ಬಿ., ಎಂಪಿ3 ಮಾಡಿದರೆ 60 ಎಂ.ಬಿ.ಯ ಒಳಗೆ. ಕೂಡಿಡಲು ಮೊದಲನೆಯದು, ಕೇಳಲು ಎರಡನೆಯದು.

ಒಂದು ಕ್ಯಾಸೆಟ್ಟಿನ ಪಟ್ಟಿ ತುಂಡಾಗಿತ್ತು, ಡಬ್ಬಿಯೂ ಬಿರುಕು ಬಿಟ್ಟಿತ್ತು. ನಮ್ಮ ಭಾಂಜಿ ಗಡಿಯಾರದ ಸ್ಕ್ರೂಡ್ರೈವರಿನಿಂದ ಐದು ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಹಾಡು ಅಳಿದ ಇನ್ನೊಂದು ಕ್ಯಾಸೆಟ್ಟಿನ ಡಬ್ಬಿಗೆ ದಾಟಿಸಿದಳು. ತುಂಡಾದ ಎರಡು ತುದಿಗಳನ್ನು ಜೋಡಿಸಿ, ಹಿಂಬದಿಗೆ ಮಾತ್ರ ತೆಳ್ಳಗೆ ಅಂಟುಪಟ್ಟಿ ಹಚ್ಚಿ, ಅಂಚಿನಲ್ಲಿ ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿದಳು. ಇಳಕಲ್ಲಿನಿಂದ ಬಂದಿದ್ದ ಖಾಲಾ ಉಸಿರು ಹಿಡಿದು ನೋಡುತ್ತಿದ್ದರು. ಗುಂಡಿ ಒತ್ತಿದಾಗ ಮೊದಲು ಬರೀ ಸೊಯ್ಯೆಂಬ ಸದ್ದು, ಆಮೇಲೆ ಬಳೆಯ ಸದ್ದು, ಆಮೇಲೆ ದಾದಿ. ಖಾಲಾ ಎದ್ದು ನಿಂತರು. 'ಯೇ ತೋ ಆಪಾಚ್ ಹೈ!' ಎಂದರು. ಅವರಿಗೆ ದಾದಿ ಸಂಬಂಧದಲ್ಲಿ ದೂರದವರೇ, ಆದರೂ ಒಂದೇ ಓಣಿಯಲ್ಲಿ ಬೀಸುಕಲ್ಲಿನ ಎರಡು ಬದಿಗೆ ಕೂತವರು. ಆ 'ಚ್' ಇದೆಯಲ್ಲ, 'ಅವರೇ' ಎನ್ನುವ ಒತ್ತು, ಅದು ನಮ್ಮ ಉರ್ದು ಪಠ್ಯಪುಸ್ತಕದಲ್ಲಿರಲಿಲ್ಲ. ಫೋನಿಗೆ 2017ರಿಂದ ಕನ್ನಡ, ಉರ್ದು ಎರಡನ್ನೂ ಬಾಯಿಮಾತಿನಲ್ಲಿ ಬರೆಸುವ ಸೌಲಭ್ಯ ಬಂದಿದೆ. ನಾವು ದಖನಿಯಲ್ಲಿ ಹೇಳಿ ನೋಡಿದರೆ ಅದು 'ಚ್'ಅನ್ನು ನುಂಗಿ ನಮ್ಮನ್ನು ಲಖನೌದವರನ್ನಾಗಿ ಮಾಡುತ್ತದೆ. ಯಂತ್ರಕ್ಕೆ ನಮ್ಮ ಮಾತು ಗೊತ್ತಿಲ್ಲ. ನಾವು ಕೂಡಿಡದಿದ್ದರೆ ಅದು ಎಲ್ಲಿಂದ ಕಲಿಯಬೇಕು?

ಇಲ್ಲಿಯೇ ಮನೆಯಲ್ಲಿ ಒಂದು ತಕರಾರು ಎದ್ದಿತು. ಭಾಂಜಿ ಹಾಡನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಬೇಕೆಂದಳು. ಹುನಗುಂದದ ಚಾಚಾ ಒಪ್ಪಲಿಲ್ಲ. 'ನಮ್ಮವ್ವ ಹೆಂಗಸರ ನಡುವೆ ಹಾಡಿದವಳು. ಆಕೆಯ ಧ್ವನಿ ಊರೂರ ಮೊಬೈಲಿನಲ್ಲಿ ತಿರುಗೋದು ಆಕೆಗೇ ಸೇರುತ್ತಿರಲಿಲ್ಲ' ಎಂದರು. 'ಹಾಗಂತ ಟ್ರಂಕಿನಲ್ಲೇ ಕೊಳೆಯಲಿ ಅಂತೀರೇನು ಭಾಯಿ?' ಎಂದು ಖಾಲಾ ಕೇಳಿದರು. ಎರಡು ದಿನ ಮಾತು ನಡೆಯಿತು. ಕಥೆಗಾರರಾದ ನಮಗೆ ಎರಡೂ ಕಡೆಯ ಮಾತು ಸರಿ ಕಾಣುತ್ತಿತ್ತು. ಸತ್ತವರ ಒಪ್ಪಿಗೆ ಕೇಳಲು ದಾರಿಯಿಲ್ಲ. ಆದರೆ ಅವರು ಯಾರ ಮುಂದೆ ಹಾಡಿದ್ದರು ಎಂಬುದು ನಮಗೆ ಗೊತ್ತಿತ್ತು. ಕೊನೆಗೆ ಹೀಗೆ ತೀರ್ಮಾನವಾಯಿತು: ಧ್ವನಿ ಮನೆಯವರಲ್ಲೇ ಇರಬೇಕು, ಗುಂಪಿಗೆ ಹೋಗಬಾರದು. ಹಾಡಿನ ಮಾತುಗಳನ್ನು ಕನ್ನಡ ಲಿಪಿಯಲ್ಲೂ ಉರ್ದು ಲಿಪಿಯಲ್ಲೂ ಬರೆದಿಡಬೇಕು, ಅವನ್ನು ಯಾರು ಕೇಳಿದರೂ ಕೊಡಬೇಕು. ಇಂಥ ತೀರ್ಮಾನ ಮಾಡುವ ಅಧಿಕಾರ ನಮ್ಮಲ್ಲಿ ಉಳಿದದ್ದು ಕೆಲಸವನ್ನು ನಾವೇ ಮಾಡಿದ್ದರಿಂದ. ಅಂಗಡಿಗೆ ಕೊಟ್ಟಿದ್ದರೆ ಒಂದು ಪ್ರತಿ ಅಲ್ಲಿಯ ಕಂಪ್ಯೂಟರಿನಲ್ಲೂ ಉಳಿಯುತ್ತಿತ್ತು. ಆಮೇಲೆ ಚಾಚಾ ಅವರ ಮಾತಿಗೂ ಖಾಲಾ ಅವರ ಮಾತಿಗೂ ಬೆಲೆಯಿರುತ್ತಿರಲಿಲ್ಲ.

ಉಳಿಸಿದ್ದನ್ನು ಇಡುವುದೆಲ್ಲಿ? ನಮ್ಮ ಜಿಲ್ಲೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿನ್ನೀರಿನ ಮಾತು ಹಾಗಿರಲಿ, 2009ರಲ್ಲಿ ನೆರೆ ಬಂತು, 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಕೊರೆಸಿದ ಶಾಸನ ಇಂದಿಗೂ ಇದೆ. ಪೆನ್‌ಡ್ರೈವಿಗೆ ಅಂಥ ಆಯುಷ್ಯವಿಲ್ಲ, ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದು ತಾನಾಗಿಯೇ ಮರೆಯಬಹುದು. ಹಾಗಾಗಿ ಗಣಕ ಬಲ್ಲವರು ಹೇಳುವ ಸೂತ್ರ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಪ್ರತಿ ಬೇರೆ ಕಡೆ. ನಾವು ಇದನ್ನು ನಮ್ಮ ಬಳಗದ ನಕ್ಷೆಗೆ ಹೊಂದಿಸಿಕೊಂಡೆವು. ಮೊದಲ ಪ್ರತಿ ನವನಗರದ ನಮ್ಮ ಲ್ಯಾಪ್‌ಟಾಪಿನಲ್ಲಿ. ಎರಡನೆಯದು ಬಾದಾಮಿಯಲ್ಲಿ ಆಪಾ ಅವರ ಮನೆಯ ಹಾರ್ಡ್ ಡಿಸ್ಕಿನಲ್ಲಿ. ಮೂರನೆಯದು ಇಳಕಲ್ಲಿನಲ್ಲಿ ಖಾಲಾ ಅವರ ಪೆನ್‌ಡ್ರೈವಿನಲ್ಲಿ. ಹದಿನೇಳು ಕ್ಯಾಸೆಟ್ಟುಗಳ ವೇವ್ ಕಡತಗಳಿಗೆ 16 ಜಿ.ಬಿ.ಯದೇ ಸಾಕು. ವರ್ಷಕ್ಕೊಮ್ಮೆ ಈದ್‌ಗೆ ಎಲ್ಲರೂ ಕೂಡಿದಾಗ ಮೂರನ್ನೂ ತೆರೆದು ಕೇಳಿ ನೋಡುವುದು, ಹಳೆಯದಾದ ಡ್ರೈವನ್ನು ಬದಲಿಸುವುದು. ನೀರು ಒಂದು ಊರಿಗೆ ಬಂದರೂ ಮೂರು ಊರಿಗೆ ಒಮ್ಮೆಲೇ ಬರಲಾರದು.

ಇಷ್ಟು ಮಾಡಲು ನಾವು ಹೊಸದಾಗಿ ಕೊಂಡದ್ದು ಒಂದು ಕೇಬಲ್, ಒಂದು ಸೌಂಡ್ ಕಾರ್ಡು, ಒಂದು ಪೆನ್‌ಡ್ರೈವ್. ಓದುಗರಲ್ಲಿ ಯಾರ ಮನೆಯಲ್ಲಿ ಇಂಥ ಟ್ರಂಕು ಇದೆಯೋ ಅವರು ಮೊದಲು ಕ್ಯಾಸೆಟ್ಟುಗಳನ್ನು ಹೊರಗೆ ತೆಗೆಯಲಿ. ಕಾಗದ ಇನ್ನೂ ಕೆಲವು ಕಾಲ ತಾಳುತ್ತದೆ, ಟೇಪ್ ತಾಳುವುದಿಲ್ಲ, ಅದನ್ನು ಓಡಿಸುವ ಯಂತ್ರವೂ ಸಿಗುವುದಿಲ್ಲ. ಇನ್ನೊಂದು ಮಾತು. ಮನೆಯಲ್ಲಿ ಮೂಲೆಗೆ ಬಿದ್ದ ಹಳೆಯ ಫೋನಿನ ಬೆನ್ನು ಉಬ್ಬಿದ್ದರೆ ಅದನ್ನು ಮಾತ್ರ ಬಿಚ್ಚಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ. ಒಳಗಿನ ಬ್ಯಾಟರಿ ಬೆಂಕಿ ಹಿಡಿಯಬಹುದು. ಸ್ವಂತ ಕೈಯಿಂದ ಮಾಡುವ ವಿದ್ಯೆಯಲ್ಲಿ ಯಾವುದನ್ನು ಮುಟ್ಟಬಾರದೆಂಬುದೂ ಒಂದು ಪಾಠ.

ಹದಿನೇಳರಲ್ಲಿ ಹದಿನಾರು ಕ್ಯಾಸೆಟ್ಟುಗಳು ಮುಗಿದಿವೆ. ಭಾಂಜಿ ರೂಲ್ ಹಾಕಿದ ನೋಟ್‌ಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಒಂದು ಸಾಲು ಬರೆದಿದ್ದಾಳೆ: ಯಾರ ಧ್ವನಿ, ಯಾವ ಸಂದರ್ಭ, ಯಾರು ಕೇಳಬಹುದು. ಹದಿನೇಳನೆಯದರ ಮೇಲೆ ಚೀಟಿಯಿಲ್ಲ. ಅದು ಹಾಡೋ, ಮಾತೋ, ಖಾಲಿಯೋ ತಿಳಿಯದು. ಚಾಚಾ ಮೊನ್ನೆ ಹುನಗುಂದದಿಂದ ಫೋನ್ ಮಾಡಿ, 'ಅದನ್ನ ಹಚ್ಚೂ ಮುಂದ ನನಗೂ ಹೇಳ್ರಿ, ಬರ್ತೀನಿ' ಎಂದಿದ್ದಾರೆ. ಬರುವ ಶುಕ್ರವಾರ ನಮಾಜಿನ ನಂತರ ಅವರು ಬಸ್ಸು ಹತ್ತುತ್ತಾರೆ.